ಬೋಳಮರಡಿಯ ಎಕೋ ಪಾಯಿಂಟ್

ಸೊಲ್ಲಾಪುರದ ಚಾಟಿ ಗಲ್ಲಿಯಲ್ಲಿ ಚಾದರಿನ ಅಂಗಡಿ ಇಟ್ಟಿದ್ದ ಸಿದ್ದಣ್ಣನವರು ಮದುವೆಯಾದ ವರ್ಷ ಹೆಂಡತಿ ಗಿರಿಜಾಬಾಯಿಗೆ ಒಂದು ಮಾತು ಕೊಟ್ಟಿದ್ದರು: ಬರುವ ಬೇಸಿಗೆಗೆ ಮಹಾಬಳೇಶ್ವರಕ್ಕೆ ಕರೆದುಕೊಂಡು ಹೋಗುತ್ತೇನೆ. ಬೇಸಿಗೆ ಬಂತು. ಬೇಸಿಗೆಯೆಂದರೆ ಲಗ್ನಸರಾಯಿ, ಮದುವೆಗಳ ಸುಗ್ಗಿ. ಲಗ್ನಸರಾಯಿಯೆಂದರೆ ಆಹೇರಿನ ಉಡುಗೊರೆಗೆ ಚಾದರು, ಟಾವೆಲ್ಲು ಡಜನುಗಟ್ಟಲೆ ಹೋಗುವ ಕಾಲ. ಅಂಗಡಿ ಬಿಟ್ಟು ಕದಲುವ ಹಾಗಿರಲಿಲ್ಲ. "ಮುಂದಿನ ವರ್ಷ ನಕ್ಕಿ, ತಪ್ಪಂಗಿಲ್ಲ" ಎಂದರು. ಮೂವತ್ತೆಂಟು ಬೇಸಿಗೆ ಹೀಗೇ ಹೋದವು. ಗಿರಿಜಾಬಾಯಿ ಮೊದಲ ಹತ್ತು ವರ್ಷ ಸಿಟ್ಟಾದರು, ಇನ್ನೊಂದು ಹತ್ತು ವರ್ಷ ನಕ್ಕರು, ಆಮೇಲೆ ಕೇಳುವುದನ್ನೇ ಬಿಟ್ಟರು. ಅವರು ಕೇಳುವುದನ್ನು ಬಿಟ್ಟ ಮೇಲೆಯೇ ಸಿದ್ದಣ್ಣನವರಿಗೆ ಅದು ಮುಳ್ಳಿನಂತೆ ಚುಚ್ಚತೊಡಗಿದ್ದು.

ಅರವತ್ತಾರನೆಯ ವಯಸ್ಸಿಗೆ ಅವರ ಮಗ ಶುಭಂ ಅಂಗಡಿ ವಹಿಸಿಕೊಂಡ. ಗಾದಿ ತೆಗೆಸಿ ಗಾಜಿನ ಕೌಂಟರ್ ಹಾಕಿಸಿದ, ಚಾದರಿಗೆಲ್ಲ ಬಾರ್‌ಕೋಡ್ ಅಂಟಿಸಿದ. "ಅಪ್ಪಾ, ನೀವು ಫಕ್ತ ಆರಾಮ ಕೂಡ್ರಿ" ಎಂದು ಪ್ರೀತಿಯಿಂದಲೇ ಹೇಳಿದ. ಸಿದ್ದಣ್ಣನವರಿಗೆ ಆರಾಮ ಕೂಡುವುದು ಹೇಗೆಂದು ಗೊತ್ತಿರಲಿಲ್ಲ. ಮನೆಯಲ್ಲಿ ಕೂತು ತಾಸಿಗೊಮ್ಮೆ ಅಂಗಡಿಗೆ ಫೋನು ಮಾಡುತ್ತಿದ್ದರು.

ಇಂಥ ಹೊತ್ತಿನಲ್ಲಿ ಸೋಮೇಶ ಬಂದ. ಅವನು ಗಿರಿಜಾಬಾಯಿಯ ತಂಗಿಯ ಮಗ. ಮೊದಲು ಸೋಲಾರ್ ಮಾರುತ್ತಿದ್ದ, ಆಮೇಲೆ ನೀರು ಶುದ್ಧ ಮಾಡುವ ಯಂತ್ರ, ಈಗ ಪ್ಲಾಟು. ಅವನ ಕೈಯಲ್ಲೊಂದು ನುಣುಪು ಕಾಗದದ ಪುಸ್ತಿಕೆಯಿತ್ತು. ಅದರ ಮೇಲೆ 'ಹನ್ನೂರ ಹಿಲ್ಸ್: ಸೊಲ್ಲಾಪುರದ ಸ್ವಂತ ಹಿಲ್ ಸ್ಟೇಷನ್' ಎಂದು ಬರೆದಿತ್ತು. ಕೆಳಗೆ ಮಂಜು ಮುಸುಕಿದ ಬೆಟ್ಟ, ಸೂಜಿ ಎಲೆಯ ಪೈನ್ ಮರ, ಸ್ವೆಟರ್ ತೊಟ್ಟ ನಾಯಿ.

"ಕಾಕಾ, ಅಕ್ಕಲಕೋಟ ದಾಟಿ ಹನ್ನೂರ ಐತಲ್ಲ, ಅಲ್ಲೇ" ಎಂದ ಸೋಮೇಶ.

"ಹನ್ನೂರಿಗಿ ನಾ ಲಗ್ನಕ್ಕ ಹೋಗಿ ಬಂದೀನಿ. ಅಲ್ಲಿ ಗುಡ್ಡ ಕಂಡಿಲ್ಲಲ್ಲ?"

"ಲಗ್ನಕ್ಕ ಹೋದಾವ್ರು ಊಟ ನೋಡ್ತಾರ ಕಾಕಾ, ಗುಡ್ಡ ಯಾರ ನೋಡ್ತಾರ?"

ಸಿದ್ದಣ್ಣನವರು ಒಮ್ಮೆ ಹೋಗಿ ನೋಡಿದರು. ಅದು ಶ್ರಾವಣ, ಕಲ್ಲಿನ ಮೇಲೂ ಹುಲ್ಲಿತ್ತು, ಜಿನುಗು ಮಳೆಯಿತ್ತು, ಸೋಮೇಶನ ಕೊಡೆಯ ಕೆಳಗಿನಿಂದ ನೋಡಿದರೆ ಎಲ್ಲವೂ ಬೆಟ್ಟದಂತೆಯೇ ಕಾಣುತ್ತಿತ್ತು. ಹೆಂಡತಿಗೆ ಹೇಳದೆ ಪ್ಲಾಟು ಹಿಡಿದರು. ಹೇಳದೆಯೇ ಎರಡು ಕೋಣೆ, ಒಂದು ಪಡಸಾಲೆಯ ಮನೆ ಕಟ್ಟಿಸಿದರು. ಮೇ ತಿಂಗಳಲ್ಲಿ, ಮದುವೆಯಾಗಿ ಮೂವತ್ತೊಂಬತ್ತು ತುಂಬಿದ ದಿನ, "ನಡಿ, ಥಂಡಿ ಹವಾದಾಗ ಹೋಗೂಣು" ಎಂದು ಕಾರು ಹತ್ತಿಸಿದರು. ಗಿರಿಜಾಬಾಯಿ ಮೂವತ್ತೆಂಟು ವರ್ಷದಿಂದ ಡಾಂಬರ್ ಗುಳಿಗೆ ಹಾಕಿ ಎತ್ತಿಟ್ಟಿದ್ದ ಶಾಲು ತೆಗೆದು ಮಡಿಲಲ್ಲಿಟ್ಟುಕೊಂಡು ಕೂತರು.

ಅಕ್ಕಲಕೋಟ ದಾಟಿತು, ಹನ್ನೂರೂ ದಾಟಿತು. ಕಾರು ಮಣ್ಣಿನ ದಾರಿ ಹಿಡಿದು ದೊಡ್ಡದೊಂದು ಕಮಾನಿನ ಕೆಳಗೆ ನಿಂತಿತು. ಗಿರಿಜಾಬಾಯಿ ಇಳಿದು ಶಾಲು ಹೊದ್ದುಕೊಂಡು ಸುತ್ತ ನೋಡಿದರು.

"ಗುಡ್ಡ ಎಲ್ಲೈತ್ರಿ?"

"ನೀ ಅದರ ಮ್ಯಾಲೇ ನಿಂತೀಯಲ್ಲ" ಎಂದರು ಸಿದ್ದಣ್ಣ.

ಗಿರಿಜಾಬಾಯಿ ಕಾಲ ಕೆಳಗೆ ನೋಡಿಕೊಂಡರು. ಕೆಂಪು ಮುರುಮು ಮಣ್ಣು, ಒಂದಿಷ್ಟು ಕಲ್ಲು. ನಾಲ್ಕೂ ಕಡೆ ಇಳಿಜಾರಾಗಿ ಹೊಲಗಳಿಗೆ ಸೇರುತ್ತಿದ್ದ ಆ ದಿಬ್ಬಕ್ಕೆ ಊರವರು ಬೋಳಮರಡಿ ಎನ್ನುತ್ತಿದ್ದರು. ಎಮ್ಮೆಗಳು ಅದನ್ನು ಏದುಸಿರು ಬಿಡದೆ ಹತ್ತಿ ಇಳಿಯುತ್ತಿದ್ದವು. ಬಿಸಿಲು ಕಣ್ಣಿಗೆ ಬಡಿಯುತ್ತಿತ್ತು. ಅವರು ನಿಧಾನಕ್ಕೆ ಶಾಲು ತೆಗೆದು ಮಡಚಿ ಗಂಡನ ಕೈಗೆ ಕೊಟ್ಟರು.

"ಮನಿ ಚಲೋ ಕಟ್ಸೀರಿ" ಎಂದಷ್ಟೇ ಹೇಳಿದರು.

ಸಿದ್ದಣ್ಣನವರಿಗೆ ಬೈಸಿಕೊಂಡಿದ್ದರೆ ಒಳ್ಳೆಯದಿತ್ತು ಎನಿಸಿತು.

ವಾಪಸು ಹೋಗೋಣವೆಂದು ಅವರು ಮೂರು ಸಲ ಬಾಯಿ ತೆರೆದರು. ಮೂರು ಸಲವೂ ಮರ್ಯಾದೆ ಅಡ್ಡ ಬಂತು. ಗಿರಿಜಾಬಾಯಿಯೂ ಹೋಗೋಣ ಎನ್ನಲಿಲ್ಲ. ಹೀಗಾಗಿ ಇಬ್ಬರೂ ಅಲ್ಲೇ ಉಳಿದರು.

ಬೋಳಮರಡಿಯ ಮೇಲೆ ತಂಪು ಇರಲಿಲ್ಲ, ಆದರೆ ಗಾಳಿಯಿತ್ತು. ಎಂಥ ಗಾಳಿಯೆಂದರೆ ಮೊದಲ ವಾರವೇ ಒಣಹಾಕಿದ ಇಳಕಲ್ ಸೀರೆ ಹಗ್ಗ ಬಿಚ್ಚಿಕೊಂಡು ಹಾರಿ ಕೆಳಗಿನ ಹೊಲಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಅದನ್ನು ಅಚ್ಚುಕಟ್ಟಾಗಿ ಮಡಚಿ ತಂದುಕೊಟ್ಟಳು. ಅವಳು ನೀಲಾಬಾಯಿ, ಕೆಳಗಿನ ಹೊಲದ ಒಡೆಯ ಭೀಮಶಾನ ಹೆಂಡತಿ.

"ಇದು ನಿಮ್ದೇನ್ರಿ ಅಕ್ಕಾರ? ಬೆದರಬೊಂಬಿ ಮ್ಯಾಲ ಬಂದ ಕುಂತಿತ್ತು. ನಮ್ಮನ್ಯಾವ್ರು ದೂರದಿಂದ ನೋಡಿ, ಯಾರೋ ಬಾಯಾರು ಬಂದಾರ ಅಂತ ಕೈ ಮುಗದ್ರು!"

ಗಿರಿಜಾಬಾಯಿ ನಗತೊಡಗಿದರು. ಬಂದ ದಿನದಿಂದ ಅವರು ನಕ್ಕದ್ದು ಅದೇ ಮೊದಲು. ಮರುದಿನ ಇನ್ನೊಂದು ಸೀರೆ ಹಾರಿತು, ಅದರ ಮರುದಿನ ಸಿದ್ದಣ್ಣನವರ ಧೋತರ. ನಾಲ್ಕನೆಯ ದಿನ ಏನೂ ಹಾರದಿದ್ದರೂ ನೀಲಾಬಾಯಿ ಬಂದಳು.

ಆ ಮರಡಿಯನ್ನು ಸೋಮೇಶನಿಗೆ ಮಾರಿದವನು ಭೀಮಶಾನೇ. ಅವನಿಗೆ ಅದರ ಬಗ್ಗೆ ಇನ್ನೂ ಅಂಜಿಕೆಯಿತ್ತು. ಸಿದ್ದಣ್ಣನವರು ಎದುರಾದಾಗೆಲ್ಲ ತಪ್ಪು ಒಪ್ಪಿಕೊಳ್ಳುವವನಂತೆ ನಿಲ್ಲುತ್ತಿದ್ದ.

"ನಾ ಬ್ಯಾಡ ಅಂದಿದ್ನಿರಿ ಸಾವ್ಕಾರ್ರ. ಇಲ್ಲಿ ಹುರಳಿ ಸಹಿತ ಬೆಳೆಯೂದಿಲ್ಲ ಅಂತ ಸಾಫ್ ಹೇಳಿದೆ. ಆ ಸೋಮೇಶ ಸಾಹೇಬ್ರು, 'ಮನಿ ಬೆಳೀತಾವ' ಅಂದ್ರು."

ಮನೆಗಳು ಬೆಳೆದದ್ದೂ ನಿಜ. ದೀಪಾವಳಿಯ ಹೊತ್ತಿಗೆ ಏಳಾದವು. ದುಧನಿಯ ಅಡತಿ ವ್ಯಾಪಾರಿ ಶಿವಶರಣಪ್ಪ ಒಂದು ಕಟ್ಟಿಸಿದ, ನಿವೃತ್ತ ಮಾಸ್ತರರೊಬ್ಬರು ಬಂದರು, ಉಳಿದವರು ರವಿವಾರಕ್ಕೆ ಬಂದು ಸೋಮವಾರ ಹೋಗುವವರು. ಬಂದವರೆಲ್ಲ ಮೊದಲು "ಗುಡ್ಡ ಎಲ್ಲೈತಿ?" ಎಂದೇ ಕೇಳುತ್ತಿದ್ದರು. ಗಿರಿಜಾಬಾಯಿ ಅವರನ್ನು ಕೂಡಿಸಿ ಚಹಾ ಕೊಟ್ಟು, "ಕುಡೀರಿ, ಆಮ್ಯಾಲ ಹುಡುಕೂಣು" ಎನ್ನುತ್ತಿದ್ದರು.

ಜನವರಿಯಲ್ಲಿ ಸೋಮೇಶ ದೊಡ್ಡ ಸುದ್ದಿ ಹೊತ್ತು ಬಂದ. ಸೊಲ್ಲಾಪುರದ ಒಂದು ಮರಾಠಿ ಪತ್ರಿಕೆಯ ರವಿವಾರದ ಪುರವಣಿಯಲ್ಲಿ 'ಬೆಳೆಯುತ್ತಿರುವ ಊರುಗಳು' ಎಂಬ ಅಂಕಣವಿತ್ತು. ಮಹಾನಗರದ ಹತ್ತಿರ ಬೆಳೆಯುತ್ತಿರುವ ಬೆಟ್ಟದ ಊರು ಎಂದು ಹನ್ನೂರ ಹಿಲ್ಸ್ ಬಗ್ಗೆ ಇಡೀ ಪುಟದ ಪರಿಚಯ ಬರಲಿತ್ತು. ಪತ್ರಕರ್ತೆ ಶುಕ್ರವಾರ ಬರುವವಳಿದ್ದಳು. ಬುಧವಾರದಿಂದಲೇ ಸೋಮೇಶ ಪಾಟಿಗಳನ್ನು, ಅಂದರೆ ಹೆಸರಿನ ಫಲಕಗಳನ್ನು, ನೆಡಿಸತೊಡಗಿದ. ಮರಡಿಯ ನೆತ್ತಿಯ ಮೇಲೆ 'ಸನ್‌ರೈಸ್ ಪಾಯಿಂಟ್'. ಅದೇ ಕಂಬದ ಹಿಂಬದಿಗೆ 'ಸನ್‌ಸೆಟ್ ಪಾಯಿಂಟ್'. ಭೀಮಶಾನ ಹೊಲದ ಕಡೆಗಿನ ಅಂಚಿನಲ್ಲಿ 'ಎಕೋ ಪಾಯಿಂಟ್'. ಹಿಲ್ ಸ್ಟೇಷನ್ನಿಗೆ ಕುದುರೆ ಬೇಕೆಂದು ಅಕ್ಕಲಕೋಟದ ಕಲ್ಲಣ್ಣನ ಕುದುರೆಯನ್ನು ಒಂದು ದಿನಕ್ಕೆ ಗೊತ್ತು ಮಾಡಿದ. ಅದು ಮದುವೆಯಲ್ಲಿ ಮದುಮಗನನ್ನು ಹೊರುವ ಕುದುರೆ.

ಎಲ್ಲ ಆದ ಮೇಲೆ ಅಡುಗೆಮನೆಗೆ ಬಂದು ದೊಡ್ಡಮ್ಮನ ಎದುರು ನಿಂತ.

"ಮಾವಶಿ, ಪತ್ರಕಾರ ಬಾಯಿ ಕೇಳಿದ್ರ ಒಂದ ಮಾತ ಹೇಳ್ರಿ. ಮೇ ತಿಂಗಳದಾಗೂ ಇಲ್ಲಿ ಚಾದರ ಹೊಚ್ಗೊಂಡ ಮಲಗ್ತೀವಿ ಅಂತ."

"ಮೇ ತಿಂಗಳದಾಗ ನಾ ಒದ್ದಿ ಟಾವೆಲ್ ಹೊಚ್ಗೊಂಡ ಮಲಗೀನೋ ಸೋಮ್ಯಾ."

"ಟಾವೆಲ್ ಆದ್ರೂ ನಡೀತೈತಿ. ಒದ್ದಿ ಅನ್ನೂದ ಬಿಡ್ರಿ."

"ನೋಡೂಣು ತಗೋ" ಎಂದು ಗಿರಿಜಾಬಾಯಿ ರೊಟ್ಟಿ ಬಡಿಯುವುದನ್ನು ಮುಂದುವರಿಸಿದರು.

ಪಡಸಾಲೆಯಲ್ಲಿ ಕೂತಿದ್ದ ಸಿದ್ದಣ್ಣನವರಿಗೆ ಇದೆಲ್ಲ ಕೇಳಿಸುತ್ತಿತ್ತು. ಎಂಟು ತಿಂಗಳಾಗಿತ್ತು. ಈ ಮನೆ ನಿನಗೆ ಹಿಡಿಸಿತೇ ಎಂದು ಅವರು ಒಮ್ಮೆಯೂ ಕೇಳಿರಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂಬುದೇ ಅವರ ಭಯ. ಈಗ ಯಾರೋ ಬಂದು ಕೇಳುತ್ತಾರೆ, ಅವಳು ಹೇಳುತ್ತಾಳೆ, ಅದು ಅಚ್ಚಾಗಿ ಚಾಟಿ ಗಲ್ಲಿಯ ಒಂದೊಂದು ಅಂಗಡಿಗೂ ಹೋಗುತ್ತದೆ. ಅಂದಿನಿಂದ ಅವರು ಶುಭಂನಿಗೆ ಒಮ್ಮೆಯೂ ಫೋನು ಮಾಡಲಿಲ್ಲ.

ಶುಕ್ರವಾರ ಮುಂಜಾನೆ ಪ್ರಾಜಕ್ತಾ ಸ್ಕೂಟಿಯ ಮೇಲೆ ಬಂದಳು. ಇಪ್ಪತ್ತೈದರ ಹುಡುಗಿ, ಅಕ್ಕಲಕೋಟದವಳು. ಮನೆಯಲ್ಲಿ ಆಡುವುದು ಕನ್ನಡ, ಬರೆಯುವುದು ಮರಾಠಿ. ಕಮಾನಿನ ಕೆಳಗೆ ಸ್ಕೂಟಿ ನಿಲ್ಲಿಸಿ ಕೇಳಿದಳು:

"ಇಲ್ಲಿಂದ ಗುಡ್ಡ ಎಷ್ಟ ದೂರ ರೀ?"

ಸೋಮೇಶ ಅದನ್ನು ಕೇಳಿಸಿಕೊಳ್ಳದವನಂತೆ ಮುಂದೆ ನಡೆದ. "ಬರ್ರಿ, ಮೊದಲ ಸನ್‌ರೈಸ್ ಪಾಯಿಂಟ್ ನೋಡ್ರಿ."

ಅವಳು ನೋಡಿದಳು, ಫೋಟೋ ತೆಗೆದಳು. "ಸನ್‌ಸೆಟ್ ಪಾಯಿಂಟ್?"

"ಹೊಳ್ಳಿ ನಿಂದರ್ರಿ" ಎಂದ ಸೋಮೇಶ.

ಅವಳು ಹೊರಳಿ ನಿಂತಳು. ಪಾಟಿಯ ಈ ಬದಿ ಓದಿದಳು, ಮತ್ತೆ ಹೊರಳಿ ಆ ಬದಿ ಓದಿದಳು. ವಹಿಯಲ್ಲಿ ಒಂದು ಸಾಲು ಬರೆದುಕೊಂಡಳು. ಆ ಒಂದು ಸಾಲು ಸೋಮೇಶನಿಗೆ ಯಾಕೋ ಉದ್ದವೆನಿಸಿತು.

ಎಕೋ ಪಾಯಿಂಟಿನಲ್ಲಿ ಅವನು ತಾನೇ ಕೂಗಿ ತೋರಿಸುವ ಧೈರ್ಯ ಮಾಡಲಿಲ್ಲ. ಬುಧವಾರ ಕೂಗಿ ನೋಡಿದ್ದ. ಗಾಳಿ ದನಿಯನ್ನು ಎತ್ತಿಕೊಂಡು ದುಧನಿಯ ಕಡೆ ಹೋಗಿತ್ತು, ತಿರುಗಿ ಏನೂ ಬಂದಿರಲಿಲ್ಲ. "ಆವಾಜ ಹೊಳ್ಳಿ ಬರಾಕ ಜರಾ ಟೈಮ್ ತಗೋತೈತ್ರಿ, ಹವಾದ ಮ್ಯಾಲ ಐತಿ" ಎಂದಿಷ್ಟು ಪೀಠಿಕೆ ಹಾಕಿದ.

ಪ್ರಾಜಕ್ತಾ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು: "ಹೋ…ಯ್!"

ಸ್ವಲ್ಪ ಹೊತ್ತು ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಕೆಳಗಿನ ಜೋಳದ ಹೊಲದೊಳಗಿಂದ ಗಟ್ಟಿಯಾದ ದನಿ ಬಂತು.

"ಯಾರ್ರೀ ಅದು?"

ಪ್ರಾಜಕ್ತಾ ಒಮ್ಮೆ ಸೋಮೇಶನ ಮುಖ ನೋಡಿ, ಮತ್ತೆ ಕೂಗಿದಳು: "ನಾ ಪ್ರಾಜಕ್ತಾ!"

"ಯಾವೂರ್ರಿ?"

"ಅಕ್ಕಲಕೋಟ!"

"ಯಾರ ಪೈಕಿ?"

"ಅಣ್ಣಾರಾಯ ಮಾಸ್ತರ ಮಗಳು!"

"ಏ! ಮಾಸ್ತರು ಆರಾಮ ಅದಾರೇನು? ನನಗ ಮೂರನೇತ್ತದಾಗ ಕಲಿಸ್ಯಾರ! ಕೆಳಗ ಬರ್ರಿ, ಹುರಡಾ ಹಚ್ಚೀವಿ!"

ಪ್ರಾಜಕ್ತಾ ನಗು ತಡೆಯಲಾರದೆ ಅಲ್ಲೇ ಕಲ್ಲಿನ ಮೇಲೆ ಕೂತಳು. ಸೋಮೇಶ ಕರವಸ್ತ್ರದಿಂದ ಹಣೆ ಒರೆಸಿಕೊಂಡು, "ನಮ್ಮ ಎಕೋ ಜರಾ ಅಡ್ವಾನ್ಸ್ ಐತ್ರಿ" ಎಂದ.

ಮಾನ ಉಳಿಸಿಕೊಳ್ಳಲು ಅವನಿಗೆ ಉಳಿದದ್ದು ಕುದುರೆ. ಕಣ್ಣಿಗೆ ಕಪ್ಪು ಗಾಗಲ್ ಹಾಕಿಕೊಂಡು, ಕಲ್ಲಣ್ಣನ ಹೆಗಲು ಹಿಡಿದು ಹತ್ತಿ ಕೂತ. ಹಿನ್ನೆಲೆಗೆ ಆಕಾಶ, ಒಂದು ಪಾಟಿ. ಪ್ರಾಜಕ್ತಾ ಮೊಬೈಲು ಎತ್ತಿದಳು. ಅದೇ ಕ್ಷಣಕ್ಕೆ, ಅಪ್ಪ ಎರಡು ದಿನದಿಂದ ಯಾಕೆ ಫೋನು ಮಾಡಿಲ್ಲವೆಂದು ಗಾಬರಿಯಾದ ಶುಭಂ ಸೊಲ್ಲಾಪುರದಿಂದ, ಅಲ್ಲೇ ಪಕ್ಕದಲ್ಲಿ ನಿಂತು ನೋಡುತ್ತಿದ್ದ ಸಿದ್ದಣ್ಣನವರಿಗೆ ಫೋನು ಮಾಡಿದ.

ಅಂಗಡಿಯ ಗದ್ದಲದಲ್ಲೂ ಕೇಳಿಸಬೇಕೆಂದು ಸಿದ್ದಣ್ಣನವರು ತಮ್ಮ ಫೋನಿಗೆ ಸನಾದಿ, ಚೌಘಡಾದ ಮಂಗಳವಾದ್ಯ ಹಾಕಿಸಿಕೊಂಡಿದ್ದರು. ಅದು ಮೊಳಗಿದ ಕೂಡಲೇ ಕುದುರೆ ಕಿವಿ ನಿಮಿರಿಸಿತು. ಮುಂಗಾಲು ಎತ್ತಿತು. ಹದಿನಾಲ್ಕು ವರ್ಷದ ಅಭ್ಯಾಸ. ಸೊಂಟ ಕುಣಿಸುತ್ತ ಲಯಬದ್ಧವಾಗಿ ಹೆಜ್ಜೆ ಹಾಕತೊಡಗಿತು.

"ಫೋನ್ ಬಂದ್ ಮಾಡ್ರಿ ಸಾವ್ಕಾರ್ರ!" ಎಂದು ಕಲ್ಲಣ್ಣ ಕೂಗಿದ.

ಸಿದ್ದಣ್ಣನವರು ತಡವರಿಸಿ ಯಾವುದೋ ಗುಂಡಿ ಒತ್ತಿದರು. ವಾದ್ಯ ನಿಂತಿತು, ಕುದುರೆಯೂ ನಿಂತಿತು, ಸೋಮೇಶ ಉಸಿರು ಬಿಟ್ಟ. ಅಪ್ಪ ಫೋನು ಕತ್ತರಿಸಿದ್ದರಿಂದ ಇನ್ನಷ್ಟು ಗಾಬರಿಯಾದ ಶುಭಂ ಮತ್ತೆ ಮಾಡಿದ.

ಈ ಸಲ ಕುದುರೆ ನಿಂತಲ್ಲೇ ಕುಣಿಯಲಿಲ್ಲ. ಮೆರವಣಿಗೆ ಎಂದರೆ ಹೆಣ್ಣಿನ ಮನೆಗೆ ಹೋಗಬೇಕು. ಹೆಣ್ಣಿನ ಮನೆಯೆಂದರೆ ಹೊಗೆ ಏಳುವ, ಜನ ಸೇರಿರುವ ಜಾಗ. ಕೆಳಗೆ ಭೀಮಶಾನ ಹೊಲದಲ್ಲಿ ಹೊಗೆ ಏಳುತ್ತಿತ್ತು. ಅದು ಮರಡಿಯನ್ನು ಇಳಿಯತೊಡಗಿತು, ಒಂದು ಹೆಜ್ಜೆಯೂ ತಪ್ಪದೆ, ಸೋಮೇಶನನ್ನು ಹೊತ್ತು. ಹಿಂದೆ ಲಗಾಮು ಹಿಡಿಯಲು ಓಡುವ ಕಲ್ಲಣ್ಣ, ಅವನ ಹಿಂದೆ ಮೊಳಗುವ ಫೋನು ಹಿಡಿದು "ಇದು ಹ್ಯಾಂಗ ಬಂದ್ ಆಗ್ತೈತೋ!" ಎನ್ನುತ್ತ ಓಡುವ ಸಿದ್ದಣ್ಣ, ಎಲ್ಲರ ಹಿಂದೆ ವಿಡಿಯೋ ತೆಗೆಯುತ್ತ ಪ್ರಾಜಕ್ತಾ. ಸಿದ್ದಣ್ಣನವರು ಹಿಂದಿಂದೆಯೇ ಓಡುತ್ತಿದ್ದುದರಿಂದ ವಾದ್ಯವೂ ಮೆರವಣಿಗೆಯ ಜೊತೆಗೇ ಬರುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಕುದುರೆ ಬೇವಿನ ಮರದ ಕೆಳಗೆ, ಬೆಂಕಿಯ ಹತ್ತಿರ ಬಂದು ಶಿಸ್ತಾಗಿ ನಿಂತಿತು. ಕುಡಿಯುವ ನೀರಿಗೆಂದು ತಂಬಿಗೆ ಹಿಡಿದು ಎದ್ದಿದ್ದ ನೀಲಾಬಾಯಿ ಎದುರಿಗೇ ನಿಂತಿದ್ದಳು. ಬೀಗರನ್ನು ಎದುರುಗೊಳ್ಳುವ ಹಾಗೇ ಕಂಡಿತು.

"ಇಳೀರಿ ಸಾಹೇಬ್ರ" ಎಂದ ಭೀಮಶಾ. "ನಿಮ್ಮ ಲಗ್ನ ಎಂದ ಆತು ಮತ್ತ?"

ಮರಡಿಯ ಮೇಲಿನಿಂದ ಬುಟ್ಟಿಯಲ್ಲಿ ಶೇಂಗಾ ಚಟ್ನಿ, ಮೊಸರು ಹೊತ್ತು ಗಿರಿಜಾಬಾಯಿಯೂ ಇಳಿದು ಬಂದರು. ಎಳೆ ಜೋಳದ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ಉಜ್ಜಿ ಹಸಿರು ಕಾಳು ಬಿಡಿಸುತ್ತಿದ್ದರು. ಅದೇ ಹುರಡಾ, ಚಳಿಗಾಲದ ನಾಲ್ಕಾರು ವಾರ ಮಾತ್ರ ಸಿಗುವ ತಿನಿಸು. ಎಲ್ಲರೂ ಬೆಂಕಿಯ ಸುತ್ತ ಕೂತರು. ಸೋಮೇಶ ಮಾತ್ರ ಕೂಡಲು ಸ್ವಲ್ಪ ತ್ರಾಸು ಪಡುತ್ತ ಒಂದು ಬದಿಗೆ ವಾಲಿಕೊಂಡ.

ಪ್ರಾಜಕ್ತಾ ಎರಡು ಮುಷ್ಟಿ ಕಾಳು ತಿಂದು ವಹಿ ತೆಗೆದಳು. "ಆಜಿ, ನಿಮಗ ಒಂದ ಪ್ರಶ್ನಾ ಕೇಳ್ಲಿ?"

"ಆಜಿ ಅನಬ್ಯಾಡವಾ, ಅಷ್ಟ ಮುದುಕಿ ಅಲ್ಲ ನಾ. ಚಿಕ್ಕವ್ವಗ ಅಂದಂಗ ಕಾಕು ಅನ್ನ. ಕೇಳು."

"ಕಾಕು, ಈ ಗುಡ್ಡದ ಊರಾಗ ಎಲ್ಲಾರಿಗಿಂತ ಮೊದಲ ಬಂದಾವ್ರು ನೀವು. ಇಲ್ಲಿ ಏನ್ ಹಿಡಿಸ್ತು?"

ಸೋಮೇಶ ಕಣ್ಣಲ್ಲೇ ಸನ್ನೆ ಮಾಡಿದ. ಕೈಯಿಂದ ಚಾದರು ಹೊದೆಯುವ ಅಭಿನಯವನ್ನೂ ಮಾಡಿದ. ಸಿದ್ದಣ್ಣನವರು ಕೈಯಲ್ಲಿದ್ದ ತೆನೆಯನ್ನು ಉಜ್ಜುತ್ತ ತಲೆ ತಗ್ಗಿಸಿ ಕೂತರು.

"ಗುಡ್ಡ ಅಂತೀಯೇನು?" ಎಂದರು ಗಿರಿಜಾಬಾಯಿ. "ಸೊಲ್ಲಾಪುರದಾಗ ನಮ್ಮನಿ ಮೂರನೇ ಮಜಲಿನ್ಯಾಗ ಇತ್ತು. ಅದೇ ಇದಕಿಂತ ಎತ್ತರ. ಮೇ ತಿಂಗಳದಾಗ ಇಲ್ಲಿ ಕಾದ ಹಂಚಿನ ಮ್ಯಾಲ ಕುಂತಂಗ ಆಗ್ತೈತಿ, ಒದ್ದಿ ಟಾವೆಲ್ ಹೊಚ್ಗೊಂಡ ಮಲಗೀನಿ. ಬಂದ ದಿನ ನಾ ಶಾಲ ತಂದಿದ್ದೆ. ಇವರ ಮಾರಿ ನೋಡಿ ನಗೂ ಬಂತು, ಅಳೂ ಬಂತು, ಎರಡೂ ನುಂಗಿದೆ."

ಸೋಮೇಶ ಕಣ್ಣು ಮುಚ್ಚಿಕೊಂಡ.

"ಮತ್ತ ಯಾಕ ಉಳದ್ರಿ?" ಎಂದಳು ಪ್ರಾಜಕ್ತಾ.

ಗಿರಿಜಾಬಾಯಿ ಒಂದು ತೆನೆ ತಿರುವಿ ಹಾಕಿದರು. "ಮೂವತ್ತೆಂಟ ವರ್ಷ ಇವರು ಮುಂಜಾನಿ ಒಂಬತ್ತಕ್ಕ ಅಂಗಡಿಗಿ ಹೋಗ್ಯಾರ, ಬರೂದ್ರಾಗ ನಾ ಅರ್ಧ ನಿದ್ದ್ಯಾಗ. ಬರೇ ತಾಟಿನ ಮುಂದ ಕುಂತಾಗ ನೋಡೀನಿ. ಇಲ್ಲಿ ಬಂದ ಮ್ಯಾಲ ಗೊತ್ತಾತು, ಇವರು ಚಹಾ ಕುಡ್ಯಾಗ ತಮ್ಮಷ್ಟಕ್ಕ ತಾವ ಮಾತಾಡ್ತಾರ. ಗುಬ್ಬಿಗೋಳಿಗೆ ಜೋಳಾ ಹಾಕಿ, ಗಿರಾಕಿಗಿ ಅಂದಂಗ 'ಬರ್ರಿ ಬರ್ರಿ' ಅಂತಾರ. ನನ್ನ ಸೀರಿ ಹಾರಿದ್ರ ಹಿಡಿಯಾಕ ಓಡ್ತಾರ. ಇಂಥಾ ಮನಷ್ಯಾ ನನ್ನ ಮನ್ಯಾಗ ಇದ್ದಾನಂತ ನನಗ ಗೊತ್ತೇ ಇರಲಿಲ್ಲವಾ. ಇಲ್ಲಿ ಅಡಗಿಕೊಳ್ಳಾಕ ಗಿಡಾ ಇಲ್ಲ, ಗುಡ್ಡಾ ಇಲ್ಲ. ನಾಕೂ ಕಡೆ ಬಯಲು. ಎಲ್ಲಿ ಹೋದ್ರೂ ಕಾಣ್ತಾರ."

ಸಿದ್ದಣ್ಣನವರ ಕೈಯಲ್ಲಿದ್ದ ತೆನೆ ಆಗಲೇ ಬರಿದಾಗಿತ್ತು, ಅವರು ಬರೀ ದಂಟನ್ನು ಉಜ್ಜುತ್ತಿದ್ದರು. ಕಿವಿಗಳು ಕೆಂಪಾಗಿದ್ದವು. ಅವರಿಗೆ ಏನೋ ಹೇಳಬೇಕಿತ್ತು. ಬಾಯಿಗೆ ಬಂದದ್ದು ಇಷ್ಟೇ:

"ಉಪ್ಪ ಬೇಕೇನು ನಿನಗ?"

"ಕೊಡ್ರಿ" ಎಂದರು ಗಿರಿಜಾಬಾಯಿ.

ಮುಂದಿನ ರವಿವಾರ ಪುರವಣಿ ಬಂತು. ಸಂಪಾದಕರು ಕೇಳಿದ್ದು 'ಮಿನಿ ಮಹಾಬಳೇಶ್ವರ'. ಪ್ರಾಜಕ್ತಾ ಕೊಟ್ಟ ಶೀರ್ಷಿಕೆಯ ಅರ್ಥ 'ಸೊಲ್ಲಾಪುರದ ಸಪಾಟು ಹಿಲ್ ಸ್ಟೇಷನ್'. ಒಂದೇ ಕಂಬದ ಸೂರ್ಯೋದಯ, ಸೂರ್ಯಾಸ್ತ, ಕುಣಿಯುವ ಕುದುರೆ, ಮೇ ತಿಂಗಳ ಒದ್ದೆ ಟಾವೆಲ್, ಗಿರಿಜಾಬಾಯಿಯ ಒಂದೊಂದು ಮಾತು, ಎಲ್ಲವೂ ಇತ್ತು. ಎಕೋ ಪಾಯಿಂಟಿಗೇ ಅರ್ಧ ಪುಟ: 'ದೇಶದ ಉಳಿದ ಎಕೋ ಪಾಯಿಂಟುಗಳು ನೀವು ಅಂದದ್ದನ್ನೇ ನಿಮಗೆ ತಿರುಗಿ ಹೇಳುತ್ತವೆ. ಹನ್ನೂರಿನದು ನಿಮ್ಮ ಊರು ಕೇಳಿ, ಮನೆಯವರ ಕ್ಷೇಮ ವಿಚಾರಿಸಿ, ಊಟಕ್ಕೆ ಕರೆಯುತ್ತದೆ.'

ಸೋಮೇಶ ಪತ್ರಿಕೆ ಹಿಡಿದು ಬಂದು ಪಡಸಾಲೆಯಲ್ಲಿ ಕುಸಿದ. "ಮಾವಶಿ, ನಾ ಮುಳಗಿದೆ! ಇನ್ನ ಈ ಮರಡಿಗಿ ನಾಯಿ ಸಹಿತ ಬರೂದಿಲ್ಲ."

"ನೀನೂ ಮರಡಿ ಅಂದಿ ನೋಡು. ಚಹಾ ಕುಡಿ" ಎಂದರು ಗಿರಿಜಾಬಾಯಿ.

ಸಿದ್ದಣ್ಣನವರು ಆ ಪುಟವನ್ನು ಮೂರು ಸಲ ಓದಿದರು. ಆಮೇಲೆ ಕನ್ನಡಕ ಒರೆಸುವ ನೆಪದಲ್ಲಿ ಒಳಗೆ ಹೋದರು.

ಚಹಾ ಮುಗಿಯುವಷ್ಟರಲ್ಲಿ ಕಮಾನಿನ ಹೊರಗೆ ಮೊದಲ ಮೋಟರ್ ಸೈಕಲ್ ಬಂತು. ಅದರ ಮೇಲೆ ಕೂತಿದ್ದ ಗಂಡ ಹೆಂಡತಿ ಕೇಳಿದ್ದು ಒಂದೇ: "ಆ ಎಕೋ ಇವತ್ತ ಅದಾರೇನ್ರಿ?" ಮಧ್ಯಾಹ್ನದ ಹೊತ್ತಿಗೆ ಗಾಡಿಗಳ ಸಾಲು ಹನ್ನೂರಿನ ದಾರಿಯವರೆಗೆ ನಿಂತಿತು. ಅಕ್ಕಲಕೋಟಕ್ಕೆ ಸ್ವಾಮಿಗಳ ದರ್ಶನಕ್ಕೆ ಬಂದವರು ಕೂಡ ಇತ್ತ ತಿರುಗಿದರು. ಒಬ್ಬೊಬ್ಬರೂ ಅಂಚಿಗೆ ನಿಂತು ಕೂಗುವುದು, ಕೆಳಗಿನಿಂದ ಭೀಮಶಾ "ಯಾರ್ರೀ ಅದು?" ಎನ್ನುವುದು. ಅವನು ಮರ್ಯಾದಸ್ಥ ಮನುಷ್ಯ; ಕರೆದವರಿಗೆ ಓಗೊಡದೆ ಇರಲಾರ. ಉದಗೀರದವರ ಬೀಗತನ, ಪಂಢರಪುರದವರ ಮೊಣಕಾಲು ನೋವು, ಲಾತೂರಿನ ಹುಡುಗನ ಪರೀಕ್ಷೆ, ಎಲ್ಲ ವಿಚಾರಿಸಿದ. ಕೊನೆಗೆ ಎಲ್ಲರನ್ನೂ ಹುರಡಾಕ್ಕೆ ಕರೆದ. ಎಲ್ಲರೂ ಬಂದರು.

ನೀಲಾಬಾಯಿ ಮರಡಿ ಹತ್ತಿ ಓಡಿ ಬಂದಳು. "ಅಕ್ಕಾರ, ನಮ್ಮನ್ಯಾವ್ರು ಅರ್ಧ ಸೊಲ್ಲಾಪುರಕ್ಕ ಊಟಕ್ಕ ಕರದಾರ! ಏನ್ ಮಾಡ್ಲಿರಿ?"

ಗಿರಿಜಾಬಾಯಿ ಸೆರಗು ಸಿಕ್ಕಿಸಿಕೊಂಡು ಎದ್ದರು. ಆ ದಿನ ಇಬ್ಬರೂ ಸೇರಿ ಎಷ್ಟು ರೊಟ್ಟಿ ಬಡಿದರೋ ಅವರಿಗೇ ತಿಳಿಯದು. ಶಿವಶರಣಪ್ಪನ ಹೆಂಡತಿ ಹಿಟ್ಟು ನಾದಿದರು, ನೆರೆಮನೆಯ ನಿವೃತ್ತ ಮಾಸ್ತರರು ನೀರು ಹೊತ್ತರು. ಬಂದವರು ಉಂಡು, ಸುಮ್ಮನೆ ಹೋಗಲು ನಾಚಿ, ಚಟ್ನಿ ಕೇಳಿ ಕೊಂಡುಕೊಂಡು ಹೋದರು. ಸೋಮೇಶನಿಗೆ ಸಂಜೆಯೊಳಗೆ ಪ್ಲಾಟಿನ ಬಗ್ಗೆ ಒಂಬತ್ತು ಜನ ವಿಚಾರಿಸಿದರು. ಅವರಲ್ಲಿ ಒಬ್ಬರೂ ತಂಪಿನ ಮಾತೆತ್ತಲಿಲ್ಲ. ಎಲ್ಲರಿಗೂ ಬೇಕಿದ್ದದ್ದು ಎಕೋ ಪಾಯಿಂಟಿನ ಹತ್ತಿರದ ಜಾಗ.

ಎರಡನೆಯ ರವಿವಾರಕ್ಕೆ ಭೀಮಶಾನ ಗಂಟಲು ಕಟ್ಟಿತು. ಅವನು "ಯಾರ್ರೀ" ಎಂದರೆ ಕಪ್ಪೆ ವಟಗುಟ್ಟಿದಂತಾಗುತ್ತಿತ್ತು. ಮೇಲೆ ನಿಂತವರು ಕೂಗಿ ಕೂಗಿ ಬೇಸತ್ತರು. ಹೊಲದ ಬದುವಿನಲ್ಲಿ ನಿಂತಿದ್ದ ಸಿದ್ದಣ್ಣನವರಿಗೆ ಅದನ್ನು ಸಹಿಸಲಾಗಲಿಲ್ಲ. ನಲವತ್ತು ವರ್ಷ ಚಾಟಿ ಗಲ್ಲಿಯಲ್ಲಿ ದಾರಿಯ ಮೇಲೆ ಹೋಗುವವರನ್ನು ಕರೆದ ಗಂಟಲು ಅದು. ಧೋತರ ಮೇಲೆ ಕಟ್ಟಿ ಜೋಳದ ನಡುವೆ ನಿಂತು ಓಗೊಟ್ಟರು:

"ಬರ್ರಿ ಬರ್ರಿ! ಯಾವೂರಿಂದ ಬಂದ್ರಿ?"

ಮರಡಿಯ ಮೇಲೆ ಚಪ್ಪಾಳೆ ಬಿತ್ತು. ಭೀಮಶಾ ಬಿಸಿನೀರು ಕುಡಿಯುತ್ತ ಕೈ ಮುಗಿದ. ಅಂದಿನಿಂದ ಮುಂಜಾನೆಯ ಪಾಳಿ ಭೀಮಶಾನದು, ಮಧ್ಯಾಹ್ನದ್ದು ಸಿದ್ದಣ್ಣನವರದು. ಯಾರ ಮನೆಯಲ್ಲಾದರೂ ಲಗ್ನವಿದೆ ಎಂದು ತಿಳಿದರೆ ಸಿದ್ದಣ್ಣನವರು ಅಲ್ಲಿಂದಲೇ ಆಹೇರಿಗೆ ಚಾದರು ಎಲ್ಲಿ ಒಳ್ಳೆಯದು ಸಿಗುತ್ತದೆ ಎಂದೂ ಕೂಗಿ ಹೇಳುತ್ತಿದ್ದರು. ಶುಭಂ ಒಂದು ದಿನ ಫೋನು ಮಾಡಿ, ಹನ್ನೂರಿನ ಹೊಲದವರು ಕಳಿಸಿದರು ಎಂದು ಗಿರಾಕಿ ಬರುತ್ತಿದ್ದಾರೆ, ಯಾರವರು ಎಂದು ಕೇಳಿದ.

ಹುರಡಾದ ಕಾಲ ಮುಗಿದು ಜೋಳ ಬಲಿಯುವ ಹೊತ್ತಿಗೆ ಮನೆಗಳು ಹದಿಮೂರಾದವು. ಫೆಬ್ರವರಿಯ ಕೊನೆಗೆ ಒಂದು ದಿನ ಅಕ್ಕಲಕೋಟದ ಎಸ್.ಟಿ. ಬಸ್ಸು ಕಮಾನಿನ ಎದುರು ತಾನಾಗಿಯೇ ನಿಂತಿತು. ಇಲ್ಲಿ ಹತ್ತುವವರು, ಇಳಿಯುವವರು ಬಹಳವಾದ್ದರಿಂದ ಇನ್ನು ದಿನಾ ನಿಲ್ಲಿಸುತ್ತೇವೆ ಎಂದ ಕಂಡಕ್ಟರ್. ನಿಲ್ದಾಣದ ಹೆಸರೇನು ಬರೆದುಕೊಳ್ಳಲಿ ಎಂದು ಕೇಳಿದ.

"ಹನ್ನೂರ ಹಿಲ್ಸ್" ಎಂದ ಸೋಮೇಶ.

"ಬೋಳಮರಡಿ" ಎಂದ ಭೀಮಶಾ.

ಕಂಡಕ್ಟರ್ ಟಿಕೀಟ್ ಯಂತ್ರ ಹಿಡಿದು ಕಾಯ್ದ. ಒಳಗಿದ್ದ ಪ್ರಯಾಣಿಕರೂ ಎರಡು ಪಕ್ಷವಾಗಿ ವಾದಿಸತೊಡಗಿದರು. ಅಷ್ಟರಲ್ಲಿ ಗಿರಿಜಾಬಾಯಿ ಮತ್ತು ನೀಲಾಬಾಯಿ, ಇಬ್ಬರೂ ಒಳ್ಳೆಯ ಸೀರೆಯುಟ್ಟು ಕೈಚೀಲ ಹಿಡಿದು ಬಂದು, ಗಂಡಸರ ನಡುವಿನಿಂದ ದಾರಿ ಮಾಡಿಕೊಂಡು ಬಸ್ಸು ಹತ್ತಿದರು.

"ಎಲ್ಲಿಗಿ ಹೊಂಟಿ?" ಎಂದರು ಸಿದ್ದಣ್ಣ.

"ಅಕ್ಕಲಕೋಟಕ್ಕ. ದೊಡ್ಡ ಹಂಚ ತರಬೇಕು, ಒಮ್ಮೆ ನಾಕ ರೊಟ್ಟಿ ಬೇಯೂವಂಥಾದ್ದು. ದರ್ಶನಾ ಮುಗಿಸಿ, ಭಜಿ ತಿಂದ ಬರ್ತೀವಿ."

"ಮತ್ತ ನನ್ನ ಊಟ?"

"ಹಿಟ್ಟ ಡಬ್ಬ್ಯಾಗ ಐತಿ, ಉಪ್ಪ ಅದರ ಬಾಜೂಕ. ಭೀಮಶಾ ಅಣ್ಣಾಗೂ ಎರಡ ರೊಟ್ಟಿ ಬಡೀರಿ" ಎಂದು ಗಿರಿಜಾಬಾಯಿ ಕಿಟಕಿಯ ಪಕ್ಕ ಕೂತರು. "ಏ ತಮ್ಮಾ, ಹೆಸರ ಆಮ್ಯಾಲ ಬರಕೋ. ಮೊದಲ ಎರಡ ಟಿಕೀಟ್ ಕೊಡು."

ಕಂಡಕ್ಟರ್ ಗಂಟೆ ಬಾರಿಸಿದ. ಬಸ್ಸು ಮರಡಿಯ ಇಳಿಜಾರಿನಲ್ಲಿ ಧೂಳೆಬ್ಬಿಸುತ್ತ ಹೊರಟಿತು. ಸಿದ್ದಣ್ಣ ಮತ್ತು ಭೀಮಶಾ ಸ್ವಲ್ಪ ಹೊತ್ತು ಅದನ್ನೇ ನೋಡಿ, ಆಮೇಲೆ ಹಿಟ್ಟಿಗೆ ಎಷ್ಟು ನೀರು ಹಾಕಬೇಕೆಂದು ವಾದಿಸುತ್ತ ಅಡುಗೆಮನೆಯ ಕಡೆ ನಡೆದರು.